ಥೈರಾಯ್ಡ್ ಗಂಟಿಗೆ ಲೇಸರ್ ಬೆಳಕು: ನನ್ನ ಅನುಭವ

ಕತ್ತಿನಲ್ಲಿ ಗಂಟು ಕಾಣಿಸಿಕೊಂಡರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಆದರೆ ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಅಲ್ಟ್ರಾಸೌಂಡ್ ಇಟ್ಟು ಹುಡುಕಿದರೆ ದೊಡ್ಡವರಲ್ಲಿ ಎಷ್ಟೋ ಜನರಿಗೆ ಸಣ್ಣದೊಂದು ಗಂಟು ಸಿಕ್ಕೇ ಸಿಗುತ್ತದೆ. ಪರೀಕ್ಷೆಗೆ ಬರುವ ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ 5ರಿಂದ 15ರಷ್ಟು ಮಾತ್ರ. ಉಳಿದವರನ್ನು ಹೆದರಿಸದೆ, ಕತ್ತರಿಸದೆ ಮನೆಗೆ ಕಳಿಸುವುದು ಹೇಗೆ? ಭೌತಶಾಸ್ತ್ರ ಓದಿ ಲೇಸರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ನಾನು ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಓಡಾಡಲು ಶುರು ಮಾಡಿದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಗಂಟು ಅನುಮಾನ ಹುಟ್ಟಿಸುವಂತಿದ್ದರೆ ಸಣ್ಣ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶ ತೆಗೆಯುತ್ತಾರೆ. ಎಫ್‌ಎನ್‌ಎಸಿ ಅನ್ನುವುದು ಇದಕ್ಕೇ. ಪೆಥಾಲಜಿಸ್ಟ್ ಅದನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಬೆಥೆಸ್ಡಾ ಪದ್ಧತಿಯ ಆರು ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಎರಡನೇ ಗುಂಪು ಬಂದರೆ ನೆಮ್ಮದಿ. ಆರನೆಯದು ಬಂದರೆ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ಕಷ್ಟ ಇರುವುದು ಮೂರು ಮತ್ತು ನಾಲ್ಕನೇ ಗುಂಪಿನಲ್ಲಿ. 2023ರ ಪರಿಷ್ಕೃತ ಪದ್ಧತಿಯ ಪ್ರಕಾರ ಮೂರನೆಯದರಲ್ಲಿ ಕ್ಯಾನ್ಸರ್ ಇರುವ ಸಾಧ್ಯತೆ ಸರಾಸರಿ ಶೇ. 22, ನಾಲ್ಕನೆಯದರಲ್ಲಿ ಶೇ. 30. ಇತ್ತ ಬಿಡುವಂತೆಯೂ ಇಲ್ಲ, ಅತ್ತ ಹೌದು ಅನ್ನುವಂತೆಯೂ ಇಲ್ಲ.

ಇದರಲ್ಲಿ ಪೆಥಾಲಜಿಸ್ಟ್ ಕಡೆಯಿಂದ ಯಾವ ಕೊರತೆಯೂ ಇಲ್ಲ. ಫಾಲಿಕ್ಯುಲರ್ ಅಡಿನೋಮಾ ಅನ್ನುವುದು ಸಾಧು ಗಂಟು, ಅಂದರೆ ಕ್ಯಾನ್ಸರ್ ಅಲ್ಲದ್ದು. ಫಾಲಿಕ್ಯುಲರ್ ಕಾರ್ಸಿನೋಮಾ ಕ್ಯಾನ್ಸರ್. ಎರಡರ ಜೀವಕೋಶಗಳೂ ನೋಡಲು ಒಂದೇ ಥರ. ವ್ಯತ್ಯಾಸ ಇರುವುದು ಗಂಟಿನ ಸುತ್ತ ಇರುವ ಹೊದಿಕೆಯಲ್ಲಿ. ಜೀವಕೋಶಗಳು ಆ ಹೊದಿಕೆಯನ್ನು ಸೀಳಿ ಹೊರಗೆ ಬಂದಿದ್ದರೆ, ಇಲ್ಲವೇ ರಕ್ತನಾಳದೊಳಗೆ ನುಗ್ಗಿದ್ದರೆ ಅದು ಕ್ಯಾನ್ಸರ್. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ಹೊದಿಕೆ ಅದರಲ್ಲಿ ಬರುವುದೇ ಇಲ್ಲ. ಹಾಗಾಗಿ ಅರ್ಧ ಥೈರಾಯ್ಡ್ ತೆಗೆದು, ಇಡೀ ಗಂಟನ್ನು ಕೊಯ್ದು ನೋಡಿದ ಮೇಲೆಯೇ ಉತ್ತರ. ಸರ್ಜನ್ ಒಬ್ಬರು ಇದನ್ನೇ ವಿವರಿಸುತ್ತಿದ್ದಾಗ ಎದುರು ಕೂತಿದ್ದ ಹೆಂಗಸು, "ಅಂದ್ರೆ ಡಾಕ್ಟ್ರೇ, ಆಪರೇಷನ್ ಬೇಕಿತ್ತೋ ಇಲ್ವೋ ಅನ್ನೋದು ಆಪರೇಷನ್ ಆದ್ಮೇಲೇನೇ ಗೊತ್ತಾಗೋದಾ?" ಎಂದು ಕೇಳಿದರು. ಸರ್ಜನ್ ಹೌದಮ್ಮ ಅಂದರು. ನಾನು ಆ ಪ್ರಶ್ನೆಯನ್ನು ನಮ್ಮ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಬರೆದಿಟ್ಟೆ. ಇದಕ್ಕಿಂತ ಸ್ಪಷ್ಟವಾಗಿ ಸಮಸ್ಯೆಯನ್ನು ಹೇಳಲು ನನಗೆ ಬರುತ್ತಿರಲಿಲ್ಲ.

ವಂಶವಾಹಿ ಪರೀಕ್ಷೆಗಳು ಇವೆ. ಅಮೆರಿಕದಲ್ಲಿ ಈ ಮೂರು-ನಾಲ್ಕನೇ ಗುಂಪಿನವರಿಗೆ ಅವನ್ನು ಮಾಡಿಸುತ್ತಾರೆ. ಆದರೆ ಅವು ತುಂಬಾ ದುಬಾರಿ. ಜಿಲ್ಲಾ ಆಸ್ಪತ್ರೆಗೆ ಬರುವವರಿಗೆ ಅದು ಕೈಗೆಟುಕದ ಮಾತು. ಬೆಳಕಿನ ಪರೀಕ್ಷೆಗೆ ಉಪಕರಣದ ಖರ್ಚು ಒಮ್ಮೆ ಜೋರಾಗಿ ಬೀಳುತ್ತದೆ, ನಿಜ. ಆಮೇಲೆ ಪ್ರತಿ ರೋಗಿಗೆ ತಗಲುವುದು ಕಡಿಮೆ. ನನ್ನ ಆಸೆಗೆ ಇದೂ ಒಂದು ಕಾರಣ.

ನಾವು ಬಳಸಿದ್ದು ರಾಮನ್ ಸ್ಪೆಕ್ಟ್ರೋಸ್ಕೋಪಿ. ಸರ್ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಲ್ಕತ್ತಾದಲ್ಲಿ 1928ರ ಫೆಬ್ರವರಿ 28ರಂದು ಕಂಡದ್ದು ಇದನ್ನೇ. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಕೊನೆಯವರೆಗೂ ಇಲ್ಲೇ ಇದ್ದರು. ವಿಷಯ ಸರಳ. ಒಂದೇ ಬಣ್ಣದ ಬೆಳಕನ್ನು ಒಂದು ವಸ್ತುವಿನ ಮೇಲೆ ಬಿಟ್ಟರೆ, ಚದುರುವ ಬೆಳಕು ಹೆಚ್ಚುಕಡಿಮೆ ಎಲ್ಲವೂ ಅದೇ ಬಣ್ಣದಲ್ಲಿ ವಾಪಸ್ ಬರುತ್ತದೆ. ಸುಮಾರು ಕೋಟಿಯಲ್ಲೊಂದು ಕಣ ಮಾತ್ರ ಬಣ್ಣ ಬದಲಿಸಿಕೊಂಡು ಬರುತ್ತದೆ. ವಸ್ತುವಿನೊಳಗಿನ ಅಣುಗಳು ಹೇಗೆ ಕಂಪಿಸುತ್ತವೆ ಅನ್ನುವುದರ ಮೇಲೆ ಆ ಬದಲಾವಣೆ ನಿಂತಿರುತ್ತದೆ. ಪ್ರೋಟೀನಿಗೆ ಒಂದು ಗುರುತು, ಕೊಬ್ಬಿಗೆ ಇನ್ನೊಂದು, ಡಿಎನ್‌ಎಗೆ ಮತ್ತೊಂದು. ಗ್ರಾಫಿನಲ್ಲಿ ಅವು ಶಿಖರಗಳಾಗಿ ಕಾಣುತ್ತವೆ. ಬಣ್ಣ ಎಷ್ಟು ಸರಿದಿದೆ ಅನ್ನುವುದನ್ನು ವೇವ್‌ನಂಬರಿನಲ್ಲಿ ಅಳೆಯುತ್ತಾರೆ. 1003 ವೇವ್‌ನಂಬರಿನಲ್ಲಿ ಚೂಪಾಗಿ ಎದ್ದು ನಿಲ್ಲುವುದು ಪ್ರೋಟೀನಿನಲ್ಲಿರುವ ಫಿನೈಲಾಲನಿನ್ ಅನ್ನುವ ಅಮೈನೋ ಆಮ್ಲ. 1450ರ ಹತ್ತಿರ ಕೊಬ್ಬು ಮತ್ತು ಪ್ರೋಟೀನ್ ಎರಡೂ ಸೇರಿದ ಶಿಖರ. 1655ರ ಸುತ್ತ ಪ್ರೋಟೀನಿನ ಬೆನ್ನೆಲುಬಿನದು. ಕೆಲವೇ ವಾರಗಳಲ್ಲಿ ಇವು ಬಾಯಿಪಾಠ ಆಗಿಬಿಡುತ್ತವೆ.

ಲೇಸರ್ ಯಾವುದು ಅನ್ನುವುದು ಮೊದಲ ತೀರ್ಮಾನ. 532 ನ್ಯಾನೋಮೀಟರಿನ ಹಸಿರು ಲೇಸರ್‌ನಲ್ಲಿ ರಾಮನ್ ಸಂಕೇತ ಜೋರಾಗಿ ಬರುತ್ತದೆ. ಜೊತೆಗೆ ಊತಕದ (ಅಂಗಾಂಶದ) ಸ್ವಂತ ಹೊಳಪೂ ಜಾಸ್ತಿ ಬರುತ್ತದೆ, ಅದು ಶಿಖರಗಳನ್ನು ಮುಳುಗಿಸುತ್ತದೆ. 785 ನ್ಯಾನೋಮೀಟರಿನಲ್ಲಿ ಸಂಕೇತ ಬಡಕಲು, ಆದರೆ ಹಿನ್ನೆಲೆ ಶಾಂತ. ಊತಕದ ಕೆಲಸಕ್ಕೆ ನಾನು 785 ಇಟ್ಟುಕೊಂಡೆ. ಬಿಡಿ ಜೀವಕೋಶಗಳಿಗೆ 532 ಕೂಡ ಬಳಸುತ್ತೇನೆ, ಅದರ ಕಾರಣ ಮುಂದೆ ಬರುತ್ತದೆ. ಪ್ರತಿದಿನ ಬೆಳಿಗ್ಗೆ ಮಾಡುವ ಮೊದಲ ಕೆಲಸ ಸಿಲಿಕಾನ್ ತುಂಡಿನ ಮೇಲೆ ಬೆಳಕು ಬಿಟ್ಟು ಅದರ ಶಿಖರ 520.5ರಲ್ಲೇ ಇದೆಯಾ ನೋಡುವುದು. ಎಸಿ ಕೆಟ್ಟು ಕೋಣೆ ಬಿಸಿಯಾದ ದಿನ ಅದು ಸ್ವಲ್ಪ ಸರಿದಿರುತ್ತದೆ. ಸರಿದಿದ್ದರೆ ಅವತ್ತು ರೋಗಿಯ ಮಾದರಿ ಮುಟ್ಟುವುದಿಲ್ಲ.

ಎರಡನೇ ತೀರ್ಮಾನ ಸ್ಲೈಡ್. ಪೆಥಾಲಜಿ ವಿಭಾಗದಲ್ಲಿ ರಾಶಿ ರಾಶಿ ಗಾಜಿನ ಸ್ಲೈಡ್ ಇರುತ್ತವೆ. ಅವನ್ನೇ ಬಳಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಧಾರಣ ಗಾಜಿಗೆ 785ರ ಬೆಳಕು ಬಿದ್ದರೆ 1400ರ ಸುತ್ತ ಅಗಲವಾದ ಒಂದು ಗುಡ್ಡ ಏಳುತ್ತದೆ. ನಮಗೆ ಬೇಕಾದ ಶಿಖರಗಳು ಅದರ ಇಳಿಜಾರಿನಲ್ಲೇ ಕೂತಿರುತ್ತವೆ. ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆ ಒಳ್ಳೆಯದು. ಅದರದು 322ರಲ್ಲಿ ಒಂದೇ ಒಂದು ಶಿಖರ, ನಮ್ಮ ದಾರಿಗೆ ಅಡ್ಡ ಬರುವುದಿಲ್ಲ. ಬೆಲೆ ಮಾತ್ರ ಜಾಸ್ತಿ, ಕೈ ಜಾರಿದರೆ ಚೂರು. ಸ್ಟೇನ್‌ಲೆಸ್ ಸ್ಟೀಲ್ ತಗಡು ಅಥವಾ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ಸ್ಲೈಡ್ ಅಗ್ಗದಲ್ಲಿ ಕೆಲಸ ಮಾಡುತ್ತದೆ. ಆದರೆ ಅದರ ಮೂಲಕ ಬೆಳಕು ಹಾಯುವುದಿಲ್ಲ. ಅಂದರೆ ನಾನು ಅಳೆದ ಅದೇ ಜೀವಕೋಶಗಳನ್ನು ಪೆಥಾಲಜಿಸ್ಟ್ ತಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಲು ಆಗುವುದಿಲ್ಲ. ಇದು ಸಣ್ಣ ಮಾತಲ್ಲ. ಹಣ ಹೊಂದಿಸಿ ಕ್ಯಾಲ್ಸಿಯಂ ಫ್ಲೋರೈಡನ್ನೇ ತರಿಸಿದೆ. ತೊಳೆದು ಮತ್ತೆ ಬಳಸುತ್ತೇವೆ.

ಲೇಸರ್, ಡಿಟೆಕ್ಟರ್, ಲೆನ್ಸ್, ಇವೆಲ್ಲ ನನಗೆ ಗೊತ್ತಿದ್ದ ಲೋಕ. ಈ ಕೆಲಸದಲ್ಲಿ ನಿಜವಾಗಿ ಬೆವರಿಳಿಸಿದ್ದು ಒಂದೇ ಪ್ರಶ್ನೆ: ಬೆಳಕು ಬಿದ್ದ ಜಾಗದಲ್ಲಿ ಏನಿತ್ತು? ಲೇಸರ್ ಬೀಳುವ ಚುಕ್ಕಿ ಕೆಲವು ಮೈಕ್ರಾನ್ ಅಗಲ. ರಿಪೋರ್ಟಿನಲ್ಲಿ "ಪ್ಯಾಪಿಲರಿ ಕಾರ್ಸಿನೋಮಾ" (ಥೈರಾಯ್ಡ್ ಕ್ಯಾನ್ಸರಿನ ಒಂದು ಬಗೆ) ಅಂತ ಬರೆದಿರುವುದು ಇಡೀ ಗಂಟಿಗೆ. ಗಂಟಿನೊಳಗೆ ಕ್ಯಾನ್ಸರ್ ಜೀವಕೋಶ ಇರುತ್ತದೆ, ನಾರು ಇರುತ್ತದೆ, ರಕ್ತ ಇರುತ್ತದೆ, ಸತ್ತ ಭಾಗ ಇರುತ್ತದೆ. ನಾರಿನ ಮೇಲೆ ಬಿದ್ದ ಬೆಳಕಿಗೂ "ಕ್ಯಾನ್ಸರ್" ಅಂತ ಚೀಟಿ ಅಂಟಿಸಿಬಿಟ್ಟರೆ, ಕಂಪ್ಯೂಟರ್ ಕಲಿಯುವುದು ನಾರಿನ ಪಾಠ.

ಥೈರಾಯ್ಡಿನಲ್ಲಿ ಇದರ ಮೇಲೆ ಇನ್ನೊಂದು ತೊಡಕು ಇದೆ, ಕೊಲಾಯ್ಡ್. ಥೈರಾಯ್ಡ್ ಅಂದರೆ ಪುಟ್ಟ ಪುಟ್ಟ ಚೀಲಗಳ ಗೊಂಚಲು. ಚೀಲದ ಗೋಡೆ ಒಂದೇ ಸಾಲು ಜೀವಕೋಶ. ಒಳಗೆ ತುಂಬಿರುವುದು ಥೈರೋಗ್ಲೋಬ್ಯುಲಿನ್ ಅನ್ನುವ ಪ್ರೋಟೀನಿನ ಗಟ್ಟಿ ಲೋಳೆ. ಸಾಧು ಗಂಟುಗಳಲ್ಲಿ ಸಾಮಾನ್ಯವಾಗಿ ಈ ಕೊಲಾಯ್ಡ್ ಹೇರಳ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕಡಿಮೆ. ಕಣ್ಣು ಮುಚ್ಚಿ ಎಲ್ಲೆಂದರಲ್ಲಿ ಅಳೆದರೆ ಎರಡರ ನಡುವೆ ಸೊಗಸಾದ ವ್ಯತ್ಯಾಸ ಸಿಗುತ್ತದೆ. ನೋಡಿದವರಿಗೆ ಖುಷಿಯೋ ಖುಷಿ. ಆದರೆ ಅದು ಕೊಲಾಯ್ಡ್ ಎಷ್ಟಿದೆ ಅನ್ನುವುದರ ಲೆಕ್ಕ ಅಷ್ಟೇ. ಅದನ್ನು ಪೆಥಾಲಜಿಸ್ಟ್ ಬರಿಗಣ್ಣಲ್ಲೇ ಹೇಳಬಲ್ಲರು, ಅದಕ್ಕೆ ಲೇಸರ್ ಯಾಕೆ ಬೇಕು? ನಮಗೆ ಬೇಕಿದ್ದು ಆ ಒಂದು ಸಾಲು ಜೀವಕೋಶದೊಳಗಿನ ಸುದ್ದಿ.

ಹಾಗಾಗಿ ನಾವು ರೂಢಿಸಿಕೊಂಡ ಕ್ರಮ ಹೀಗಿದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಮತ್ತು ರೋಗಿಯ ಸಹಿ ಮೊದಲು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ, ಓದಿದರೆ ಅರ್ಥವಾಗುವ ಹಾಗೆ ಬರೆಯಬೇಕೆಂದು ನಾನು ಹಟ ಹಿಡಿದೆ. ಥಿಯೇಟರಿನಿಂದ ಗಂಟು ನೇರವಾಗಿ ಪೆಥಾಲಜಿಗೆ ಹೋಗುತ್ತದೆ. ರೋಗನಿರ್ಣಯಕ್ಕೆ ಬೇಕಾದ್ದನ್ನೆಲ್ಲ ಅಲ್ಲಿನ ಪೆಥಾಲಜಿಸ್ಟ್ ಮೇಡಂ ಮೊದಲು ತೆಗೆದುಕೊಳ್ಳುತ್ತಾರೆ. ಹೊದಿಕೆಯ ಭಾಗವನ್ನು ನಾವು ಮುಟ್ಟುವ ಹಾಗೇ ಇಲ್ಲ, ಯಾಕೆಂದರೆ ತೀರ್ಪು ಇರುವುದು ಅಲ್ಲೇ. ಉಳಿದದ್ದರಲ್ಲಿ ಕಡಲೆಕಾಳಿನಷ್ಟು ಚೂರು ನಮಗೆ. ಅದನ್ನು ತಕ್ಷಣ ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸುತ್ತೇವೆ. ಆಮೇಲೆ ಕ್ರಯೋಸ್ಟಾಟಿನಲ್ಲಿ (ಹೆಪ್ಪುಗಟ್ಟಿದ್ದನ್ನು ಕತ್ತರಿಸುವ ಯಂತ್ರ) ತೆಳ್ಳಗೆ ಎರಡು ಪದರ, ಒಂದರ ಪಕ್ಕದ್ದೇ ಇನ್ನೊಂದು. ಒಂದು ಪದರ ಬಣ್ಣವಿಲ್ಲದೆ ಕ್ಯಾಲ್ಸಿಯಂ ಫ್ಲೋರೈಡಿನ ಮೇಲೆ. ಇನ್ನೊಂದಕ್ಕೆ ಪೆಥಾಲಜಿಯಲ್ಲಿ ಮಾಮೂಲಾಗಿ ಹಾಕುವ ಎಚ್ ಅಂಡ್ ಇ ಬಣ್ಣ. ಬಣ್ಣದ ಪದರದಲ್ಲಿ ಮೇಡಂ ಜಾಗ ಗುರುತು ಮಾಡುತ್ತಾರೆ: ಇದು ಜೀವಕೋಶದ ಸಾಲು, ಇದು ಕೊಲಾಯ್ಡ್, ಇದು ನಾರು. ಅದೇ ನಕ್ಷೆ ಹಿಡಿದು ನಾನು ಬಣ್ಣವಿಲ್ಲದ ಪದರದಲ್ಲಿ ಚುಕ್ಕಿ ಚುಕ್ಕಿ ಅಳೆಯುತ್ತೇನೆ.

ಈ ಜೋಡಣೆಗೆ ಹಿಡಿಯುವಷ್ಟು ಹೊತ್ತು ಅಳತೆಗೇ ಹಿಡಿಯುವುದಿಲ್ಲ. ಮೊದಮೊದಲು ಮೇಡಂ ಗುರುತು ಹಾಕಿ ಕಳಿಸುತ್ತಿದ್ದರು, ನಾನು ನನ್ನ ಲ್ಯಾಬಿನಲ್ಲಿ ಅಳೆಯುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಪರದೆಯ ಮುಂದೆ ಕೂರಲು ಶುರು ಮಾಡಿದೆವು. "ಇಲ್ಲಿ ಬೇಡ, ಈ ಜಾಗದಲ್ಲಿ ಲಿಂಫೋಸೈಟ್ ತುಂಬಿದೆ, ಹಶಿಮೋಟೋ ಇರಬಹುದು" ಅಂತ ಅವರು ಹೇಳುವ ಒಂದು ಮಾತು ನನಗೆ ಇಡೀ ದಿನದ ಕೆಲಸ ಉಳಿಸುತ್ತದೆ. ಹಶಿಮೋಟೋ ಅಂದರೆ ದೇಹದ ರಕ್ಷಣಾ ಕಣಗಳೇ (ಲಿಂಫೋಸೈಟ್) ಥೈರಾಯ್ಡಿನ ಮೇಲೆ ದಾಳಿ ಮಾಡುವ ಕಾಯಿಲೆ.

ಹಳೆಯ ಪ್ಯಾರಾಫಿನ್ ಬ್ಲಾಕ್‌ಗಳನ್ನು, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಮಾದರಿಗಳನ್ನು, ಬಳಸಿದರೆ ಏನು ಅಂತ ಕೇಳಬಹುದು. ಆಸ್ಪತ್ರೆಗಳಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ. ಆದರೆ ಮೇಣಕ್ಕೆ ತನ್ನದೇ ಗಟ್ಟಿ ಶಿಖರಗಳಿವೆ: 1063, 1133, 1296, 1441. ಝೈಲೀನಿನಲ್ಲಿ ತೊಳೆದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ತೊಳೆಯುವಿಕೆಯಲ್ಲಿ ಊತಕದ ಸ್ವಂತ ಕೊಬ್ಬೂ ಹೊರಟುಹೋಗುತ್ತದೆ. ನಾವು ಹುಡುಕುವ ಸುಳಿವು ಒಂದಷ್ಟು ಆ ಕೊಬ್ಬಿನಲ್ಲೇ ಕರಗಿರುತ್ತದೆ.

ಆ ಸುಳಿವು ಕ್ಯಾರೊಟಿನಾಯ್ಡ್. ಕ್ಯಾರೆಟ್ಟಿಗೆ, ಪಪ್ಪಾಯಿಗೆ ಬಣ್ಣ ಕೊಡುವ ಅದೇ ಕುಟುಂಬ. ರೋಮ್‌ನ ಸಂಶೋಧಕರು 2016ರಲ್ಲಿ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರಿನ ಜೀವಕೋಶಗಳಲ್ಲಿ ಇದರ ಗುರುತನ್ನು ರಾಮನ್ ನಕ್ಷೆಯಲ್ಲಿ ತೋರಿಸಿದರು. ಆರೋಗ್ಯವಂತ ಥೈರಾಯ್ಡಿನಲ್ಲಿ ಅದು ಕಾಣಲಿಲ್ಲ. ಆ ಲೇಖನ ಓದಿದ ಮೇಲೆ ನನ್ನ ಕೆಲಸದ ದಿಕ್ಕೇ ಬದಲಾಯಿತು. 1156 ಮತ್ತು 1520ರ ಸುತ್ತ ಎರಡು ಶಿಖರ, ಅವಳಿ ಮಕ್ಕಳ ಹಾಗೆ ಯಾವಾಗಲೂ ಜೊತೆಗೇ ಬರುತ್ತವೆ. ಕ್ಯಾರೊಟಿನಾಯ್ಡ್‌ಗಳು ನೀಲಿ-ಹಸಿರು ಬೆಳಕನ್ನು ಹೀರುವುದರಿಂದ 532 ಲೇಸರಿನಲ್ಲಿ ಈ ಜೋಡಿ ಇನ್ನೂ ಎದ್ದು ಕಾಣುತ್ತದೆ. ನಾನು ಹಸಿರು ಲೇಸರನ್ನೂ ಇಟ್ಟುಕೊಂಡಿರುವುದು ಇದಕ್ಕೇ. ಒಂದು ಎಚ್ಚರಿಕೆ ಇದೆ: ಅದೇ ಹಸಿರು ಬೆಳಕಿನಲ್ಲಿ ಕ್ಯಾರೊಟಿನಾಯ್ಡ್ ಬೇಗ ಮಾಸಿಹೋಗುತ್ತದೆ. ಒಂದೇ ಚುಕ್ಕಿಯನ್ನು ಎರಡನೇ ಸಲ ಅಳೆದರೆ ಶಿಖರ ತಗ್ಗಿರುತ್ತದೆ. ಹಾಗಾಗಿ ಲೇಸರಿನ ಶಕ್ತಿ ಕಡಿಮೆ ಇಟ್ಟು, ಮೊದಲ ಅಳತೆಯನ್ನೇ ನಂಬಬೇಕು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ರಕ್ತದ ಪ್ಲಾಸ್ಮಾದಲ್ಲೂ ಕ್ಯಾರೊಟಿನಾಯ್ಡ್ ಇದೆ. ನಾವು ತಿನ್ನುವ ಸೊಪ್ಪು, ಹಣ್ಣಿನಿಂದ ಬಂದದ್ದು. ಥೈರಾಯ್ಡ್ ಸುತ್ತಲಿನ ಹಳದಿ ಕೊಬ್ಬಿನಲ್ಲೂ ಇದೆ. ಸೂಜಿಯಲ್ಲಿ ತೆಗೆದ ಮಾದರಿಯಲ್ಲಿ ರಕ್ತ ಸೇರುವುದಂತೂ ಮಾಮೂಲು, ಥೈರಾಯ್ಡ್ ಅಷ್ಟು ರಕ್ತ ಹರಿಯುವ ಗ್ರಂಥಿ. ಆದ್ದರಿಂದ ಅವಳಿ ಶಿಖರ ಕಂಡ ಕೂಡಲೇ ಕ್ಯಾನ್ಸರ್ ಅನ್ನಬಾರದು. ಅದೇ ಗ್ರಾಫಿನಲ್ಲಿ ಹಿಮೋಗ್ಲೋಬಿನ್ ಶಿಖರಗಳು ಇವೆಯಾ ನೋಡಬೇಕು. 1740ರ ಹತ್ತಿರ ಕೊಬ್ಬಿನ ಗುರುತು ಇದೆಯಾ ನೋಡಬೇಕು. ಇವೆರಡೂ ಇಲ್ಲದೆ, ಜೀವಕೋಶದ ಮೇಲೆಯೇ ಅವಳಿ ಶಿಖರ ಬಂದರೆ ಮಾತ್ರ ಅದಕ್ಕೆ ಬೆಲೆ.

ಕ್ಯಾಲ್ಸಿಯಂ ಕಲೆಗಳ ವಿಷಯದಲ್ಲಿ ರಾಮನ್ ನನಗೆ ಬಹಳ ಇಷ್ಟವಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಬಿಳಿ ಚುಕ್ಕೆಗಳು ಕಂಡರೆ ಡಾಕ್ಟರಿಗೆ ಅನುಮಾನ ಬರುತ್ತದೆ. ಪ್ಯಾಪಿಲರಿ ಕ್ಯಾನ್ಸರಿನ ಸ್ಯಾಮೋಮಾ ಕಣಗಳು ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯವು. ಅವುಗಳ ಶಿಖರ 960ರಲ್ಲಿ. ಕೊಲಾಯ್ಡಿನೊಳಗೆ ಕೂರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬೇರೆ, ಸಾಧು ಥೈರಾಯ್ಡಿನಲ್ಲೂ ಅವು ಧಾರಾಳ. ಅವುಗಳ ಶಿಖರ 1460ರಿಂದ 1490ರ ನಡುವೆ. ಇಲ್ಲಿ ಯಾವ ಕಂಪ್ಯೂಟರ್ ಲೆಕ್ಕವೂ ಬೇಡ, ಗ್ರಾಫ್ ನೋಡಿದವರು ಕೂತಲ್ಲೇ ಹೇಳಬಹುದು.

ಈಗ ಲೆಕ್ಕದ ಮಾತು. ಗ್ರಾಫ್ ಬಂದ ಕೂಡಲೇ ಕಾಸ್ಮಿಕ್ ಕಿರಣಗಳು ಡಿಟೆಕ್ಟರಿಗೆ ಬಡಿದು ಎಬ್ಬಿಸಿದ ಮುಳ್ಳುಗಳನ್ನು ತೆಗೆಯುತ್ತೇವೆ. ಹಿನ್ನೆಲೆ ಕಳೆಯುತ್ತೇವೆ, ಎಲ್ಲವನ್ನೂ ಒಂದೇ ಅಳತೆಗೆ ತರುತ್ತೇವೆ. ಆಮೇಲೆ ಪಿಸಿಎ, ಎಲ್‌ಡಿಎ ಥರದ ಸಂಖ್ಯಾಶಾಸ್ತ್ರದ ವಿಧಾನಗಳಲ್ಲಿ ಗುಂಪು ಮಾಡುತ್ತೇವೆ. ಇದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನಾನು ಇಲ್ಲಿ ಒತ್ತಿ ಹೇಳಬೇಕಾದ್ದು ಒಂದೇ. ಒಬ್ಬ ರೋಗಿಯಿಂದ ನೂರಾರು ಗ್ರಾಫ್ ಬರುತ್ತವೆ. ಅವನ್ನೆಲ್ಲ ಬೆರೆಸಿ, ಅರ್ಧ ಕಲಿಸಲು, ಅರ್ಧ ಪರೀಕ್ಷಿಸಲು ಅಂತ ಹಂಚಿದರೆ, ಒಬ್ಬರದೇ ಗ್ರಾಫ್‌ಗಳು ಎರಡೂ ಕಡೆ ಸೇರಿಕೊಳ್ಳುತ್ತವೆ. ಕಂಪ್ಯೂಟರ್ ರೋಗಿಯನ್ನು ಗುರುತು ಹಿಡಿಯುತ್ತದೆ, ರೋಗವನ್ನಲ್ಲ. ಶೇಕಡಾ ತೊಂಬತ್ತೊಂಬತ್ತು ಅಂತ ಉತ್ತರ ಬರುತ್ತದೆ. ಹೊಸ ರೋಗಿ ಬಂದ ದಿನ ಅದು ಬಿದ್ದುಹೋಗುತ್ತದೆ. ಒಬ್ಬ ರೋಗಿಯ ಎಲ್ಲ ಗ್ರಾಫ್‌ಗಳನ್ನೂ ಪೂರ್ತಿ ಹೊರಗಿಟ್ಟು, ಉಳಿದವರಿಂದ ಕಲಿಸಿ, ಆಮೇಲೆ ಹೊರಗಿಟ್ಟವರ ಮೇಲೆ ಪರೀಕ್ಷಿಸಬೇಕು. ನನ್ನ ಕೈಗೆ ಈ ವಿಷಯದ ಯಾವ ಲೇಖನ ಬಂದರೂ ಮೊದಲು ಹುಡುಕುವುದು ಇದನ್ನೇ. ಅದಿಲ್ಲದಿದ್ದರೆ ಅವರ ಶೇಕಡಾ ಎಷ್ಟಿದ್ದರೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ದಿನದ ಲೆಕ್ಕವೂ ಇದೆ. ಸಾಧು ಮಾದರಿಗಳನ್ನೆಲ್ಲ ಒಂದು ತಿಂಗಳು, ಕ್ಯಾನ್ಸರ್ ಮಾದರಿಗಳನ್ನೆಲ್ಲ ಇನ್ನೊಂದು ತಿಂಗಳು ಅಳೆದರೆ, ಉಪಕರಣದಲ್ಲಾದ ಸಣ್ಣ ಬದಲಾವಣೆಯೇ ರೋಗದ ಗುರುತಿನ ಹಾಗೆ ಕಾಣುತ್ತದೆ. ಎರಡನ್ನೂ ಬೆರೆಸಿಯೇ ಅಳೆಯುತ್ತೇವೆ. ಯಾವುದು ಯಾವುದು ಅಂತ ಅಳೆಯುವವರಿಗೆ ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಸತ್ಯ ಅನ್ನುವುದನ್ನು ಯಾರ ಮಾತಿನಿಂದ ತೆಗೆದುಕೊಳ್ಳಬೇಕು? ಫಾಲಿಕ್ಯುಲರ್ ಗಂಟುಗಳ ವಿಷಯದಲ್ಲಿ ಅನುಭವಿ ಪೆಥಾಲಜಿಸ್ಟ್‌ಗಳ ನಡುವೆಯೇ ಅಭಿಪ್ರಾಯಭೇದ ಇರುತ್ತದೆ. 2016ರಲ್ಲಿ ಒಂದು ಬಗೆಯ ಪ್ಯಾಪಿಲರಿ ಗಂಟಿನ ಹೆಸರಿನಿಂದ ಕ್ಯಾನ್ಸರ್ ಅನ್ನುವ ಪದವನ್ನೇ ತೆಗೆದು, ಅದನ್ನು ಎನ್‌ಐಎಫ್‌ಟಿಪಿ ಎಂದು ಕರೆಯಲು ಶುರು ಮಾಡಿದರು. ಹಿಂದಿನ ದಿನ ಕ್ಯಾನ್ಸರ್ ಆಗಿದ್ದದ್ದು ಮರುದಿನ ಅಲ್ಲ. ನಮ್ಮ ಕಂಪ್ಯೂಟರ್ ಹಳೆಯ ಚೀಟಿಯಿಂದ ಕಲಿತಿದ್ದರೆ? ಅದಕ್ಕೇ ಕಷ್ಟದ ಗಂಟುಗಳನ್ನು ಇಬ್ಬರು ಪೆಥಾಲಜಿಸ್ಟ್‌ಗಳು ಬೇರೆ ಬೇರೆಯಾಗಿ ನೋಡುತ್ತಾರೆ. ಇಬ್ಬರೂ ಒಪ್ಪದ ಗಂಟುಗಳನ್ನು ನಾವು ಕಲಿಸಲು ಬಳಸುವುದಿಲ್ಲ. ಬಿಸಾಡುವುದೂ ಇಲ್ಲ, ಬೇರೆ ಇಡುತ್ತೇವೆ.

ಇಂಥ ಪರೀಕ್ಷೆಯಿಂದ ಕ್ಯಾನ್ಸರ್ ಇನ್ನೂ ಬೇಗ ಪತ್ತೆ ಹಚ್ಚಬಹುದಲ್ಲ ಅಂತ ಕೆಲವರು ಉತ್ಸಾಹದಿಂದ ಹೇಳುತ್ತಾರೆ. ನಾನು ಅವರಿಗೆ ದಕ್ಷಿಣ ಕೊರಿಯಾದ ಕಥೆ ಹೇಳುತ್ತೇನೆ. ಅಲ್ಲಿ ಆರೋಗ್ಯವಂತರಿಗೂ ಅಲ್ಟ್ರಾಸೌಂಡ್ ಮಾಡುವುದು ಹೆಚ್ಚಿತು. 1993ರಿಂದ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 15 ಪಟ್ಟಾಯಿತು. ಸಾಯುವವರ ಪ್ರಮಾಣ ಇದ್ದಷ್ಟೇ ಇತ್ತು. ಅಂದರೆ ತೊಂದರೆಯೇ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಎಷ್ಟೋ ಜನ ಥೈರಾಯ್ಡ್ ಕಳೆದುಕೊಂಡು, ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ನಮ್ಮ ಪಕ್ಕದ ತಿರುವನಂತಪುರದ ಕ್ಯಾನ್ಸರ್ ದಾಖಲೆಯಲ್ಲೂ ಹೆಂಗಸರ ಥೈರಾಯ್ಡ್ ಕ್ಯಾನ್ಸರ್ ಎದ್ದು ಕಾಣುತ್ತದೆ. ಇನ್ನಷ್ಟು ಹುಡುಕುವ ಸಾಧನ ನಮಗೆ ಬೇಕಿಲ್ಲ. ಮೂರು, ನಾಲ್ಕನೇ ಗುಂಪಿನಲ್ಲಿ ಸಿಕ್ಕಿಕೊಂಡವರಿಗೆ "ನಿಮಗೆ ಆಪರೇಷನ್ ಬೇಡ" ಎಂದು ಧೈರ್ಯವಾಗಿ ಹೇಳುವ ಸಾಧನ ಬೇಕು. ಹಾಗಾಗಿ ನಮ್ಮ ಲೆಕ್ಕದ ಗೆರೆಯನ್ನು ಆ ಕಡೆಗೇ ಹಾಕಿದ್ದೇವೆ: ಕ್ಯಾನ್ಸರ್ ತಪ್ಪಿಹೋಗುವ ಹಾಗಿಲ್ಲ. ಅನುಮಾನ ಇದ್ದರೆ ಉತ್ತರ "ಗೊತ್ತಿಲ್ಲ" ಅಂತಲೇ ಬರಲಿ.

ಕತ್ತಿನ ಚರ್ಮದ ಮೇಲಿಂದಲೇ ಬೆಳಕು ಬಿಟ್ಟು ಹೇಳಬಹುದಾ ಅಂತ ರೋಗಿಗಳು ಕೇಳುತ್ತಾರೆ. ನಮ್ಮ ವಿಧಾನದಲ್ಲಿ ಆಗುವುದಿಲ್ಲ. ಚರ್ಮ, ಕೊಬ್ಬು, ಸ್ನಾಯು ದಾಟಿ ಅಷ್ಟು ಬಡಕಲು ಸಂಕೇತ ವಾಪಸ್ ಬರುವುದಿಲ್ಲ. ಆದರೆ ಆಪರೇಷನ್ ನಡೆಯುವಾಗ ಬೆಳಕು ಆಗಲೇ ಒಂದು ಕೆಲಸಕ್ಕೆ ಬಂದಿದೆ. ಥೈರಾಯ್ಡಿನ ಹಿಂದೆ ಅಂಟಿಕೊಂಡಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಇದೇ 785ರ ಆಸುಪಾಸಿನ ಬೆಳಕಿಗೆ ಥೈರಾಯ್ಡಿಗಿಂತ ಜಾಸ್ತಿ ಹೊಳೆಯುತ್ತವೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ಇದನ್ನು 2011ರಲ್ಲಿ ವರದಿ ಮಾಡಿತು. 2018ರಲ್ಲಿ ಅಲ್ಲಿನ ಔಷಧ ಮತ್ತು ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡು ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು. ತಪ್ಪಿ ಆ ಗ್ರಂಥಿಗಳನ್ನು ತೆಗೆದರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು, ಕೈಕಾಲು ಸೆಡೆಯಬಹುದು. ಸರ್ಜನ್‌ಗೆ ಇದು ಎಷ್ಟು ದೊಡ್ಡ ಸಹಾಯ ಅಂತ ಬೇರೆ ಹೇಳಬೇಕಿಲ್ಲ.

ಭಾರತದಲ್ಲೂ ಕ್ಯಾನ್ಸರಿಗೆ ರಾಮನ್ ಬಳಸುವ ಕೆಲಸ ಹೊಸದಲ್ಲ. ಮಣಿಪಾಲದಲ್ಲಿ, ನವಿ ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ವಿಭಾಗವಾದ ಆಕ್ಟ್ರೆಕ್‌ನಲ್ಲಿ ಬಾಯಿ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಮೇಲೆ ವರ್ಷಗಳಿಂದ ಮಾಡಿದ್ದಾರೆ. ಬಾಯಿಯೊಳಗೆ ಪ್ರೋಬ್ ನೇರವಾಗಿ ಇಡಬಹುದು. ಥೈರಾಯ್ಡಿಗೆ ಆ ಸೌಕರ್ಯ ಇಲ್ಲ, ಸೂಜಿಯೇ ಗತಿ.

ಈಗ ನಾವು ಮಾಡುತ್ತಿರುವುದು ಸೂಜಿಯ ಕೆಲಸವೇ. ಸ್ಲೈಡಿಗೆ ಸವರಿದ ಮೇಲೆ ಸೂಜಿಯಲ್ಲಿ ಉಳಿದದ್ದನ್ನು ಸಲೈನಿನಲ್ಲಿ ತೊಳೆದು ತೆಗೆಯುತ್ತೇವೆ. ರೋಗಿಗೆ ಇನ್ನೊಂದು ಸಲ ಚುಚ್ಚುವ ಪ್ರಶ್ನೆಯೇ ಇಲ್ಲ. ಕೆಂಪು ರಕ್ತಕಣಗಳನ್ನು ಒಡೆದು ತೊಳೆದು, ಉಳಿದ ಜೀವಕೋಶಗಳನ್ನು ಕ್ಯಾಲ್ಸಿಯಂ ಫ್ಲೋರೈಡಿನ ಮೇಲೆ ಕೂರಿಸುತ್ತೇವೆ. ಮೊದಲು ರಾಮನ್, ಆಮೇಲೆ ಅದೇ ಬಿಲ್ಲೆಗೆ ಬಣ್ಣ. ಹೀಗೆ ಮಾಡಿದಾಗ ಪಕ್ಕದ ಪದರದ ನಕ್ಷೆ ಬೇಕಾಗುವುದಿಲ್ಲ. ನಾನು ಅಳೆದ ಅದೇ ಜೀವಕೋಶವನ್ನು ಮೇಡಂ ನೋಡುತ್ತಾರೆ. ಗುಂಪು ಗುಂಪಾಗಿ ಅಂಟಿಕೊಂಡ ಜೀವಕೋಶಗಳು ಇನ್ನೂ ತೊಂದರೆ ಕೊಡುತ್ತವೆ, ಒಂದರ ಗ್ರಾಫಿನಲ್ಲಿ ಇನ್ನೊಂದು ಬೆರೆಯುತ್ತದೆ. ಹೊಸದಾಗಿ ಸೇರಿಸಿಕೊಳ್ಳುತ್ತಿರುವುದು ಮೂರು ಮತ್ತು ನಾಲ್ಕನೇ ಗುಂಪಿನವರನ್ನು ಮಾತ್ರ. ಅವರಲ್ಲಿ ಆಪರೇಷನ್ ಮಾಡಿಸಿಕೊಂಡವರ ಅಂತಿಮ ರಿಪೋರ್ಟ್ ಬರುವವರೆಗೆ ನಮ್ಮ ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿ ಇಡುತ್ತೇವೆ. ಸರ್ಜನ್‌ಗೂ ತೋರಿಸುವುದಿಲ್ಲ.